ಯೂರೇಲ್ ಪಾಸ್: ಮೂರು ಸಲ ಬಳಸಿದ ಮೇಲೆ

2019, 2022, 2024. ಮೂರು ಬೇಸಿಗೆ, ಮೂರು ಪಾಸ್, ಬೆನ್ನಿಗೆ ಅದೇ ಹಳೇ 40 ಲೀಟರ್ ಬ್ಯಾಗ್. ಯಾರಾದರೂ "ಯೂರೇಲ್ ಪಾಸ್ ತಗೊಂಡರೆ ದುಡ್ಡು ಉಳಿಯುತ್ತಾ?" ಅಂತ ಕೇಳಿದರೆ ನಾನು ವಾಪಸ್ ಕೇಳೋದು, ಯಾವ ದೇಶಕ್ಕೆ ಹೊರಟಿದ್ದೀರಿ ಅಂತ. ಯೂರೋಪಿನ ರೈಲುಗಳಲ್ಲಿ ಇಂತಿಷ್ಟು ದಿನ ಓಡಾಡಲು ಮೊದಲೇ ಕೊಳ್ಳುವ ಪಾಸು ಇದು. ಒಂದೇ ಪಾಸು, 33 ದೇಶಕ್ಕೆ ನಡೆಯುತ್ತದೆ, ಆದರೆ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ.

ಫ್ರಾನ್ಸಿನ ವೇಗದ ರೈಲು ಟಿಜಿವಿ ಹತ್ತಬೇಕೆಂದರೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ದುಡ್ಡು, 10ರಿಂದ 20 ಯೂರೋ. ಲಂಡನ್ನಿಗೆ ಹೋಗುವ ಯೂರೋಸ್ಟಾರ್ ರೈಲಿಗೆ ಇನ್ನೂ ಜಾಸ್ತಿ, ಅದೂ ಪಾಸಿನವರಿಗೆ ಅಂತ ಇಟ್ಟಿರುವ ಸೀಟು ಕಮ್ಮಿ. ಸ್ಪೇನ್, ಇಟಲಿಯ ವೇಗದ ರೈಲುಗಳದ್ದೂ ಇದೇ ಕಥೆ. 2019ರಲ್ಲಿ ಇದು ಗೊತ್ತಿಲ್ಲದೆ ಪ್ಯಾರಿಸ್, ಬಾರ್ಸಿಲೋನಾ, ಮಿಲಾನ್ ಅಂತ ದೊಡ್ಡ ದೊಡ್ಡ ಊರುಗಳನ್ನೇ ಪೋಣಿಸಿಕೊಂಡು ಹೊರಟಿದ್ದೆ. ಪಾಸಿನ ದುಡ್ಡು ಕೊಟ್ಟಾಗಿತ್ತು, ಮೇಲಿಂದ ಪ್ರತಿ ರೈಲಿಗೂ ಚಿಲ್ಲರೆ ಕೊಡುತ್ತಾ ಹೋದೆ. ಆಗ ಕಾಗದದ ಪಾಸು. ಹತ್ತುವ ಮುಂಚೆ ಪೆನ್ನಿನಲ್ಲಿ ಆ ದಿನದ ತಾರೀಖು ಬರೆಯಬೇಕು. ಒಂದು ಬೆಳಗ್ಗೆ ನಿದ್ದೆಗಣ್ಣಲ್ಲಿ ಹಿಂದಿನ ದಿನದ ತಾರೀಖು ಬರೆದುಬಿಟ್ಟೆ. ತಿದ್ದುವ ಹಾಗಿಲ್ಲ, ತಿದ್ದಿದರೆ ಮೋಸ ಅಂತಾಗುತ್ತದೆ. ಪಕ್ಕದ ಖಾನೆಯಲ್ಲಿ ಸರಿಯಾಗಿ ಬರೆದೆ. ಪೆನ್ನಿನ ಒಂದು ಗೀಚಿಗೆ ಒಂದು ದಿನ ಹೋಯಿತು. ಈಗ ಮೊಬೈಲಿನಲ್ಲೇ ಪಾಸು, ಆ್ಯಪ್‌ನಲ್ಲಿ ರೈಲು ಹುಡುಕಿ ಸೇರಿಸಿದರೆ ಕ್ಯೂಆರ್ ಕೋಡ್ ಬರುತ್ತದೆ, ಟಿಸಿ ಬಂದು ಸ್ಕ್ಯಾನ್ ಮಾಡುತ್ತಾರೆ. ಹತ್ತುವ ಮುಂಚೆಯೇ ಸೇರಿಸಿಕೊಳ್ಳಿ, ಅವರು ಬಂದಾಗ ತಡಕಾಡಬೇಡಿ.

ಆಮೇಲೆ ಬುದ್ಧಿ ಬಂತು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಇಲ್ಲೆಲ್ಲ ಹಗಲಿನ ಬಹುಪಾಲು ರೈಲುಗಳಿಗೆ ಸೀಟು ಕಾಯ್ದಿರಿಸಲೇಬೇಕು ಅಂತಿಲ್ಲ. ಹತ್ತು, ಖಾಲಿ ಸೀಟು ನೋಡು, ಕೂತುಕೋ. 2022ರಲ್ಲಿ ಒಂದು ಸಂಜೆ ನಮ್ಮ ರೈಲು ಒಂದೂವರೆ ಗಂಟೆ ತಡವಾಗಿ ಮುಂದಿನ ರೈಲು ತಪ್ಪಿತು. ಪಕ್ಕದಲ್ಲಿದ್ದವರೆಲ್ಲ ಟಿಕೆಟ್ ಹಿಡಿದುಕೊಂಡು ಕೌಂಟರ್ ಮುಂದೆ ಸಾಲು ನಿಂತರೆ ನಾನು ಸುಮ್ನೆ ಆ ಕಡೆ ಪ್ಲಾಟ್‌ಫಾರ್ಮಿಗೆ ಬಂದ ರೈಲು ಹತ್ತಿ ಬೇರೆ ಊರಿಗೇ ಹೋಗಿಬಿಟ್ಟೆ. ಪಾಸ್ ಕೊಡುವುದು ಈ ಸುಖವನ್ನು. ಬರೀ ದುಡ್ಡಿನ ಲೆಕ್ಕ ಹಾಕುವವರು ಎರಡು ತಿಂಗಳು ಮುಂಚೆ ಬಿಡಿ ಟಿಕೆಟ್ ತಗೊಂಡರೆ ಎಷ್ಟೋ ಕಡೆ ಪಾಸಿಗಿಂತ ಅಗ್ಗ.

27 ದಾಟದಿದ್ದರೆ ಪಾಸಿನ ಬೆಲೆಯಲ್ಲಿ ಕಾಲು ಭಾಗ ಕಮ್ಮಿ. ನಾನು 2024ರಲ್ಲಿ ಆ ವಯಸ್ಸು ದಾಟಿದ್ದೆ, ಏಳು ದಿನದ ಪಾಸಿಗೆ ದಿನಕ್ಕೆ 50 ಯೂರೋ ಮೇಲೇ ಬಿತ್ತು. ಹಾಗಾಗಿ ಒಂದು ಲೆಕ್ಕ ಇಟ್ಟುಕೊಂಡೆ: ದಿನದ ಟಿಕೆಟ್ 50 ಯೂರೋ ಒಳಗಿದ್ದರೆ ಪಾಸ್ ಮುಟ್ಟುವುದಿಲ್ಲ. ವಿಯೆನ್ನಾದಿಂದ ಬ್ರಾಟಿಸ್ಲಾವಾ ಒಂದು ಗಂಟೆಯ ದಾರಿ, ಅದಕ್ಕೆ ಪಾಸಿನ ದಿನ ಕಳೆಯುವುದು ಬೆಂಗಳೂರಿಂದ ತುಮಕೂರಿಗೆ ವಿಮಾನ ಹತ್ತಿದ ಹಾಗೆ.

ಆ ಸಲ ಜೊತೆಗೆ ತಮ್ಮ ಇದ್ದ. ಅವನು ಬರ್ಲಿನ್‌ನಲ್ಲಿ ಓದುತ್ತಿದ್ದಾನೆ. ಯೂರೋಪಿನಲ್ಲಿ ವಾಸ ಇರುವವರಿಗೆ ಯೂರೇಲ್ ಸಿಗುವುದಿಲ್ಲ, ಇಂಟರ್‌ರೇಲ್ ತಗೋಬೇಕು. ನೋಡಲು ಎರಡೂ ಒಂದೇ, ಆದರೆ ಇಂಟರ್‌ರೇಲ್‌ನವರು ತಾವಿರುವ ದೇಶದೊಳಗೆ ಹೊರಹೋಗಲು ಒಂದು ದಿನ, ವಾಪಸ್ ಬರಲು ಒಂದು ದಿನ ಮಾತ್ರ ಬಳಸಬಹುದು. ಅವನ ವಾಪಸ್ ದಿನ ಮ್ಯೂನಿಕ್ ತಲುಪುವಷ್ಟರಲ್ಲೇ ಮುಗಿದಿತ್ತು. ಅಲ್ಲಿ ಎರಡು ದಿನ ಇದ್ದು ಬರ್ಲಿನ್‌ಗೆ ಹೊರಟಾಗ ನಾನು ಜರ್ಮನಿಯ ವೇಗದ ರೈಲು ಐಸಿಇ ಹತ್ತಿ ನಾಲ್ಕು ಚಿಲ್ಲರೆ ಗಂಟೆಯಲ್ಲಿ ಸೇರಿದೆ. ಅವನು ತನ್ನ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ, ಅಂದರೆ ವೇಗದ ರೈಲಿಗೆ ನಡೆಯದ ಅಲ್ಲಿನ ತಿಂಗಳ ಪಾಸಿನಲ್ಲಿ, ಲೋಕಲ್ ರೈಲುಗಳನ್ನು ಹತ್ತಿ ಇಳಿದು ರಾತ್ರಿ ಬಂದ. "ಅಕ್ಕಾ, ನಿನ್ ಪಾಸಿಗೂ ನನ್ ಪಾಸಿಗೂ ಒಂದು ದೊಡ್ಡ ನಮಸ್ಕಾರ" ಅಂತ ಬ್ಯಾಗ್ ಎಸೆದು ಮಲಗಿದವನು ಊಟಕ್ಕೂ ಏಳಲಿಲ್ಲ.

ಪಾಸಿನ ದುಡ್ಡು ಒಂದೇ ದಿನದಲ್ಲಿ ಬಡ್ಡಿ ಸಮೇತ ಬಂದಿದ್ದು ಸ್ವಿಟ್ಜರ್ಲೆಂಡಿನಲ್ಲಿ. ವಿಯೆನ್ನಾದಲ್ಲಿ ರಾತ್ರಿ ರೈಲು ಹತ್ತಿದೆವು. ಆರು ಬರ್ತಿನ ಕಂಪಾರ್ಟ್‌ಮೆಂಟು, ಆ ಕಡೆ ಮೂರು ಈ ಕಡೆ ಮೂರು, ನಮ್ಮ ಸ್ಲೀಪರ್ ನೆನಪಾಗುತ್ತದೆ. ಬರ್ತಿಗೆ ಪಾಸಿನ ಮೇಲೆ ಬೇರೆ ದುಡ್ಡು ಕೊಡಬೇಕು. ಲೆಕ್ಕಕ್ಕೆ ಹೊರಟ ದಿನ ಮಾತ್ರ ಬರುತ್ತದೆ, ಆದರೆ ಬೆಳಗ್ಗೆ ಇಳಿದು ಇನ್ನೊಂದು ರೈಲು ಹತ್ತಿದರೆ ಮತ್ತೊಂದು ದಿನ ಕಳೆಯುತ್ತದೆ. ಹೇಗೂ ಕಳೆಯುತ್ತೆ ಅಲ್ವಾ, ಪೂರ್ತಿ ಬಳಸಿಕೊಳ್ಳೋಣ ಅಂತ ಜ್ಯೂರಿಕ್‌ನಿಂದ ಕೂರ್, ಅಲ್ಲಿಂದ ಸೇಂಟ್ ಮೊರಿಟ್ಜ್, ಅಲ್ಲಿಂದ ಇಟಲಿಯ ತಿರಾನೋವರೆಗೆ ಹೋದೆವು.

ಈ ದಾರಿಗೆ ಬರ್ನಿನಾ ಎಕ್ಸ್‌ಪ್ರೆಸ್ ಅಂತ ದೊಡ್ಡ ಗಾಜಿನ ರೈಲೊಂದಿದೆ, ಎಲ್ಲರೂ ಅದನ್ನೇ ಹುಡುಕುತ್ತಾರೆ. ಅದಕ್ಕೆ ಸೀಟಿನ ದುಡ್ಡು ಬೇರೆ. ಅದೇ ಹಳಿಯ ಮೇಲೆ ಕೆಂಪು ಬಣ್ಣದ ಮಾಮೂಲಿ ರೈಲೂ ಓಡುತ್ತದೆ, ಪಾಸ್ ತೋರಿಸಿದರೆ ಸಾಕು. ನಮಗೆ ಸಿಕ್ಕಿದ್ದು ಹಳೇ ಬೋಗಿ, ಕಿಟಕಿ ಕೆಳಗಿಳಿಸಬಹುದಿತ್ತು. 2,253 ಮೀಟರ್ ಎತ್ತರದ ಓಸ್ಪಿಝಿಯೊ ಬರ್ನಿನಾ ನಿಲ್ದಾಣದಲ್ಲಿ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಪಕ್ಕದಲ್ಲೇ ಸುಣ್ಣ ಕದಡಿದಂಥ ಬಿಳಿ ನೀರಿನ ಕೆರೆ. ಅಲ್ಲಿಂದ ಇಳಿಜಾರು, ಜಾರದಂತೆ ಹಿಡಿಯುವ ಹಲ್ಲಿನ ಹಳಿಯೂ ಇಲ್ಲದೆ ಚಕ್ರಗಳು ಕಿರ್ರೆನ್ನುತ್ತಾ ಸುತ್ತಿ ಸುತ್ತಿ ಇಳಿಯುತ್ತದೆ. ಬ್ರೂಸಿಯೊದಲ್ಲಿ ಕಲ್ಲಿನ ಸೇತುವೆ ದುಂಡಗೆ ಒಂದು ಸುತ್ತು ಹೊಡೆದು ತನ್ನದೇ ಕಮಾನಿನ ಅಡಿಯಲ್ಲಿ ನುಸುಳುತ್ತದೆ, ತಮ್ಮ ಕಿಟಕಿಯಿಂದ ನಮ್ಮದೇ ರೈಲಿನ ಇಂಜಿನ್ನಿಗೆ ಕೈ ಬೀಸುತ್ತಿದ್ದ. ತಿರಾನೋ ಹತ್ತಿರ ರೈಲು ಕಾರುಗಳ ಪಕ್ಕದಲ್ಲೇ ಬೀದಿ ಮೇಲೆ ಬರುತ್ತದೆ.

ಉಳಿದ ಖರ್ಚಿನ ಬಗ್ಗೆ ಚುಟುಕಾಗಿ. ಮೆಟ್ರೋ, ಟ್ರಾಮ್ ಪಾಸಿನಲ್ಲಿ ಬರುವುದಿಲ್ಲ, ಜರ್ಮನಿಯ ಊರುಗಳ ಲೋಕಲ್ ರೈಲು ಎಸ್-ಬಾನ್ ಬರುತ್ತದೆ. ಹಾಸ್ಟೆಲ್ ಲಾಕರಿಗೆ ಬೀಗ ಮನೆಯಿಂದಲೇ ಒಯ್ಯಿರಿ. ಸ್ಟೇಷನ್ನಿನ ಶೌಚಾಲಯಕ್ಕೆ ಸುಮಾರು ಒಂದು ಯೂರೋ, ಇಳಿಯುವ ಮುಂಚೆ ರೈಲಲ್ಲೇ ಮುಗಿಸಿಕೊಳ್ಳಿ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್ನಿನ ಒಳಗಿನವು ತೆರೆದಿರುತ್ತವೆ. ತುಪ್ಪ, ಪೇಡ ಒಯ್ಯುವ ಹಾಗಿಲ್ಲ, ಹಾಲಿನ ಪದಾರ್ಥ ಬಿಡುವುದಿಲ್ಲ. ಪುಳಿಯೋಗರೆ ಗೊಜ್ಜಿಗೆ ತೊಂದರೆಯಿಲ್ಲ. ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನ ಮಾಡಿ ಕಲಸಿದರೆ ಇಬ್ಬರ ಊಟ ಎರಡು ಯೂರೋ ಒಳಗೆ. ಬುಡಾಪೆಸ್ಟಿನಲ್ಲಿ ಪಕ್ಕದ ಒಲೆಯ ಹುಡುಗ ವಾಸನೆ ಹಿಡಿದು ಬಂದು ರುಚಿ ನೋಡಿ, ಅವನ ಪಾಸ್ತಾಕ್ಕೂ ಒಂದು ಚಮಚ ಹಾಕಿಸಿಕೊಂಡ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ಸಲ ನಾಲ್ಕೇ ದಿನದ ಪಾಸು, ಆ ದಿನಗಳೆಲ್ಲ ಸ್ವಿಟ್ಜರ್ಲೆಂಡಿಗೆ, ಮಿಕ್ಕಿದ್ದಕ್ಕೆ ಬಿಡಿ ಟಿಕೆಟ್. ಗೊಜ್ಜು ಮಾತ್ರ ಎರಡು ಪ್ಯಾಕೆಟ್ ಜಾಸ್ತಿ.