ಕೋಳಿಗೂಡಿಗೆ ಹೆಂಪ್ ಹಾಸು: ಮೂಗಿಗೆ ನೆಮ್ಮದಿ, ತಕರಾರೆಲ್ಲ ನಾರಿನದು

ವಾಸನೆ ಇಲ್ಲ. ನಾರಿಗಾಗಿ ಬೆಳೆಯುವ ಹೆಂಪ್ ಗಿಡದ ಈ ಹಾಸಿನ ಬಗ್ಗೆ ಮೊದಲು ಹೇಳಬೇಕಾದದ್ದು ಇದೇ.

ಇಂಗ್ಲೆಂಡಿನ ನಮ್ಮ ಹಿತ್ತಲಿನಲ್ಲಿ ನಾಲ್ಕು ಹೇಂಟೆಗಳಿವೆ. ಹಕ್ಕಿಜ್ವರದ ಕಾರಣಕ್ಕೆ 2022ರ ನವೆಂಬರ್ 7ರಿಂದ ಮರುವರ್ಷದ ಏಪ್ರಿಲ್‌ವರೆಗೆ ಕೋಳಿಗಳನ್ನು ಹೊರಗೆ ಬಿಡುವಂತಿರಲಿಲ್ಲ. ಹಗಲೆಲ್ಲ ಹುಲ್ಲು ಕೆದರುತ್ತಿದ್ದ ಕೋಳಿಗಳು ಒಳಗೇ ಕುಳಿತು ಹಿಕ್ಕೆ ಹಾಕತೊಡಗಿದವು. ಮರದ ಹೊಟ್ಟು ಹಾಸಿದರೆ ವಾರದೊಳಗೆ ಕಣ್ಣು ಉರಿಯುವಷ್ಟು ಅಮೋನಿಯಾ. ಪಕ್ಕದ ಮನೆಯವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಕಿಟಕಿ ಮಾತ್ರ ಮುಚ್ಚತೊಡಗಿದರು. ಆಗ ತರಿಸಿದ್ದು ಇದನ್ನು.

ಹೆಂಪ್ ದಂಟಿನ ಹೊರಗಿನ ನಾರು ಬಟ್ಟೆಗೆ, ಹಗ್ಗಕ್ಕೆ ಹೋಗುತ್ತದೆ. ಒಳಗಿನ ಕಟ್ಟಿಗೆಯ ಚೂರೇ ಈ ಹಾಸು. ದಂಟಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದರದೇ. ಗಾಂಜಾ ಕುಲದ್ದೆಂದು ಊರಿನವರು ನಗುತ್ತಾರೆ. ಇಲ್ಲಿ ಅಮಲಿಲ್ಲದ ತಳಿಗಳನ್ನು 1993ರಿಂದ ಪರವಾನಗಿ ಪಡೆದು ಬೆಳೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಪುಂಡಿಯ ದಂಟನ್ನು ನೀರಿನಲ್ಲಿ ಕೊಳೆಹಾಕಿ ನಾರು ಸುಲಿದ ಮೇಲೆ ಉಳಿಯುವ ಕಡ್ಡಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದೇ ಬಿಳುಪು, ಅದೇ ಹಗುರ. ಅದು ಒಲೆಗೆ ಹೋಗುತ್ತದೆ, ಇದು ಚೀಲದಲ್ಲಿ ಒತ್ತಿ ತುಂಬಿಸಿಕೊಂಡು ಮನೆ ಬಾಗಿಲಿಗೆ ಬರುತ್ತದೆ.

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಗೂಡಿಗೆ ಹೋಗುತ್ತೇನೆ. ಕೋಳಿಗಳು ಕೂರುವ ಅಡ್ಡಕೋಲಿನ ಕೆಳಗೆ ರಾತ್ರಿಯ ಹಿಕ್ಕೆ ಸಾಲಾಗಿ ಬಿದ್ದಿರುತ್ತದೆ. ಮರದ ಹೊಟ್ಟಿನಲ್ಲಾದರೆ ಅದು ಕಲಸಿ ರಾಡಿಯಾಗುತ್ತಿತ್ತು. ಇಲ್ಲಿ ಸುತ್ತ ಚೂರುಗಳು ಮೆತ್ತಿಕೊಂಡು ಒಂದೊಂದೂ ಒಣ ಉಂಡೆಯಾಗಿರುತ್ತದೆ. ಎತ್ತಿ ಬಕೆಟ್ಟಿಗೆ ಹಾಕಿ, ಆ ಜಾಗಕ್ಕೆ ಒಂದು ಹಿಡಿ ಹೊಸದು ಉದುರಿಸಿ, ಬೆರಳಿನಿಂದ ಕೆದರಿದರೆ ಮುಗಿಯಿತು. ನೀರು ಕುದಿಯುವುದರೊಳಗೆ ವಾಪಸ್ಸು. ತೂಕದ ನಾಲ್ಕು ಪಟ್ಟು ತೇವ ಹೀರುತ್ತದೆಂದು ಚೀಲದ ಮೇಲೆ ಬರೆದಿದ್ದಾರೆ. ತಳದ ಹಲಗೆ ಒಣಗಿಯೇ ಇರುವುದನ್ನು ನೋಡಿದರೆ ನಂಬಬಹುದು. ಬಕೆಟ್ಟಿನದ್ದು ಕಾಂಪೋಸ್ಟ್ ಗುಂಡಿಗೆ. ಬರೀ ಚೂರು ಹಾಕಿದರೆ ಕೊಳೆಯಲು ಮೀನಮೇಷ ಎಣಿಸುತ್ತದೆ. ಹಿಕ್ಕೆಯ ಸಾರಜನಕ ಸೇರಿದರೆ ಮರದ ಹೊಟ್ಟಿಗಿಂತ ಬೇಗ ಕರಗಿ ಗೊಬ್ಬರವಾಗುತ್ತದೆ. ನಮ್ಮ ಮೆಂತ್ಯದ ಮಡಿಗೆ ಅದೇ.

ಇಷ್ಟು ಹೊಗಳಿ ಎರಡು ಚಳಿಗಾಲ ಕಳೆದ ಮೇಲೆ ಚೀಲದೊಳಗಿನ ಮಾಲು ಬದಲಾಯಿತು. ಬೆಲೆ ಏರಿತು, ಅದು ಬೇರೆ. ಒಳಗೆ ಚೂರುಗಳ ನಡುವೆ ಕೂದಲ ಉಂಡೆಯಂತೆ ಉದ್ದುದ್ದ ನಾರು, ಸುರಿದರೆ ಮೂಗಿಗೆ ಅಡರುವ ಧೂಳು. ಕೊಯ್ದ ದಂಟು ಹೊಲದಲ್ಲಿ ಇಬ್ಬನಿಗೆ ಹದವಾಗಿ ಕೊಳೆಯದಿದ್ದರೆ ಯಂತ್ರ ಎಷ್ಟು ಜಜ್ಜಿದರೂ ನಾರು ಕಟ್ಟಿಗೆಯನ್ನು ಬಿಡುವುದಿಲ್ಲ. ಆಮೇಲೆ ಜರಡಿ ಹಿಡಿದು ಧೂಳು ತೆಗೆಯುವುದಕ್ಕೂ ಜಿಪುಣತನ ಮಾಡಿದರೆ ಸಿಗುವುದು ಇದೇ. ಕಂದು ಕೋಳಿ ಕುಂಟುತ್ತಿತ್ತು. ಹಿಡಿದು ನೋಡಿದರೆ ನಡುಬೆರಳಿಗೆ ಒಂದು ಎಳೆ ಬಿಗಿದು, ಅದರಾಚೆ ಬೆರಳು ನೇರಳೆಯಾಗಿತ್ತು. ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು, ಉಗುರು ಕತ್ತರಿಯಿಂದ ಎಳೆ ಬಿಡಿಸಬೇಕಾಯಿತು. ಬೆರಳು ಉಳಿಯಿತು.

ಮಾರಿದವರಿಗೆ ಫೋಟೊ ಸಮೇತ ಬರೆದೆ. ನೈಸರ್ಗಿಕ ಉತ್ಪನ್ನ, ಹೆಚ್ಚುಕಡಿಮೆ ಇರುತ್ತದೆ ಎಂಬ ಉತ್ತರ ಬಂತು. ಫ್ರಾನ್ಸಿನಲ್ಲಿ 1980ರ ದಶಕದಿಂದ ಇದೇ ಚೂರನ್ನು ಸುಣ್ಣದೊಂದಿಗೆ ಕಲಸಿ ಗೋಡೆಗೆ ತುಂಬುತ್ತಾರೆ. ಅಲ್ಲಿ ನಾಲ್ಕು ಎಳೆ ಉಳಿದರೆ ಯಾರ ಕಾಲಿಗೂ ಸುತ್ತುವುದಿಲ್ಲ. ಕೋಳಿಗೆಂದು ಚಿತ್ರ ಹಾಕಿ ಮಾರುವವರಿಗೆ ಆ ರಿಯಾಯಿತಿ ಇಲ್ಲ. ನಾರು ತೆಗೆದ ಮೇಲಿನ ಕಸ ತಾನೇ ಎಂಬ ಉದಾಸೀನ, ಬೆಲೆ ಮಾತ್ರ ಕಸದ್ದಲ್ಲ.

ಈಗ ಕುದುರೆ ಲಾಯಕ್ಕೆ ಹಾಸು ಒದಗಿಸುವ ಇನ್ನೊಬ್ಬರಿಂದ ತರಿಸುತ್ತೇನೆ, ಅದೂ ಚಳಿಗಾಲಕ್ಕೆ ಮಾತ್ರ. ಬೇಸಿಗೆಯಲ್ಲಿ ಕೋಳಿಗಳು ಹೊರಗಿರುವಾಗ ಒಂದೂವರೆ ಪಟ್ಟು ದುಡ್ಡು ಕೊಡಲು ನನಗೆ ಮನಸ್ಸಿಲ್ಲ, ಮರದ ಹೊಟ್ಟು ಸಾಕು. ಕೊಳ್ಳುವವರು ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ಎತ್ತಿ ಬೆರಳು ಸಡಿಲಿಸಿ. ಚೂರುಗಳು ಬಿಡಿಬಿಡಿಯಾಗಿ ಉದುರಿದರೆ ಇಟ್ಟುಕೊಳ್ಳಿ. ಕೈಗೆ ಜೋತುಬಿದ್ದರೆ ಅಂದೇ ಹಿಂದಿರುಗಿಸಿ.