ದೆವ್ವವನ್ನು ನಂಬದವರೇ, ಒಮ್ಮೆ ನಿಮ್ಮ ಗೀಸರ್ ನೋಡಿಕೊಳ್ಳಿ

ಈ ಬರಹ ದೆವ್ವವನ್ನು ನಂಬುವವರಿಗಲ್ಲ. ಅವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ವರ್ಷ ನಾನೂ ಅದೇ ಕೆಲಸ ಮಾಡಿದವನು. ಇದು ನನ್ನಂಥವರಿಗಾಗಿ. ಮನೆಯಲ್ಲಿ ಯಾರಾದರೂ ‘ಏನೋ ಓಡಾಡಿದ ಹಾಗಾಯಿತು’ ಎಂದರೆ ಮಾತು ಮುಗಿಯುವ ಮೊದಲೇ ನಗುವವರಿಗಾಗಿ. ಆ ನಗು ನಮ್ಮ ಮನೆಯಲ್ಲಿ ಮೂರು ತಿಂಗಳು ನಡೆಯಿತು. ಇನ್ನಷ್ಟು ದಿನ ನಡೆದಿದ್ದರೆ ಅಮ್ಮ ನಮಗೆ ಉಳಿಯುತ್ತಿದ್ದಳೋ ಇಲ್ಲವೋ.

ಕೊನೆಯವರೆಗೆ ಓದುವ ವ್ಯವಧಾನ ಇಲ್ಲದವರಿಗಾಗಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿದ್ದದ್ದು ದೆವ್ವವಲ್ಲ, ಸರಿಯಾಗಿ ಉರಿಯದ ಗ್ಯಾಸ್ ಗೀಸರ್. ಅದು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ಗಬ್ಬು ವಾಸನೆ ಸೋರಿಕೆ ಗೊತ್ತಾಗಲೆಂದು ಬೇಕೆಂದೇ ಬೆರೆಸಿದ್ದು. ಗ್ಯಾಸ್ ಉರಿದಾಗ ಅದೂ ಸುಟ್ಟು ಹೋಗುತ್ತದೆ. ಆದ್ದರಿಂದ ‘ವಾಸನೆಯೇನೂ ಬರುತ್ತಿಲ್ಲವಲ್ಲ’ ಎಂಬ ಧೈರ್ಯವನ್ನು ನಂಬಬೇಡಿ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇರಲು ಬಂದಳು. ಅವಳಿಗೆ ಹಿಂಬದಿಯ ಕೋಣೆ ಕೊಟ್ಟೆವು. ಅದರ ಕಿಟಕಿ ತೆರೆದುಕೊಳ್ಳುವುದು ಬಾಲ್ಕನಿಗೆ. ಧೂಳು ಬರುತ್ತದೆಂದು ಆ ಬಾಲ್ಕನಿಗೆ ಪೂರ್ತಿ ಗಾಜು ಹಾಕಿಸಿದ್ದೆ. ಬಟ್ಟೆ ಒಗೆಯುವ ಯಂತ್ರ ಅಲ್ಲೇ, ಗೀಸರ್ ಕೂಡ ಅಲ್ಲೇ, ಕಿಟಕಿಯಿಂದ ಎರಡು ಮೊಳ ದೂರದಲ್ಲಿ. ಬಚ್ಚಲುಮನೆಯೊಳಗೆ ಗೀಸರ್ ಇಡುವುದು ಅಪಾಯ ಎಂದು ಎಲ್ಲೋ ಓದಿದ್ದೆ, ಅದಕ್ಕೇ ಹೊರಗೆ ಹಾಕಿಸಿದ್ದು. ಹೊರಗನ್ನೇ ಒಳಗು ಮಾಡಿಟ್ಟಿದ್ದೇನೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಚಳಿ ಶುರುವಾಗಿ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚತೊಡಗಿದ ಮೇಲೆ ಒಂದು ದಿನ ಅಮ್ಮ ಹೇಳಿದಳು: ‘ಬೆಳಗಿನ ಹೊತ್ತು ಕೋಣೆಯಲ್ಲಿ ಯಾರೋ ನಡೆಯುತ್ತಾರೆ ಕಣೋ. ಬಂದು ತಲೆಯ ಹತ್ತಿರ ನಿಲ್ಲುತ್ತಾರೆ. ತಿರುಗಿದರೆ ಯಾರೂ ಇಲ್ಲ.’

ನಾನು ಉಪನ್ಯಾಸ ಕೊಟ್ಟೆ. ಕನಸು ಕಾಣುವ ಹಂತದ ನಿದ್ರೆಯಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಎಚ್ಚರ ಮೊದಲು ಬಂದು ಸ್ನಾಯುಗಳು ಆಮೇಲೆ ಬಂದರೆ ಮೈ ಅಲುಗಾಡುವುದಿಲ್ಲ, ಎದೆಯ ಮೇಲೆ ಯಾರೋ ಕುಳಿತಂತೆ, ಪಕ್ಕದಲ್ಲಿ ಯಾರೋ ನಿಂತಂತೆ ಅನಿಸುತ್ತದೆ, ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ ಎಂದೆ. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಅಮ್ಮನಿಗೆ ಆಗುತ್ತಿದ್ದದ್ದು ಅದಲ್ಲ. ಎದ್ದು ಕುಳಿತು ಹೊದಿಕೆ ಮಡಚುವಾಗಲೂ ಹೆಜ್ಜೆ ಕೇಳುತ್ತದೆ ಎಂದು ಅವಳು ಆಗಲೇ ಹೇಳಿದ್ದಳು. ಹೊದಿಕೆ ಮಡಚುವವರಿಗೆ ಸ್ಲೀಪ್ ಪ್ಯಾರಾಲಿಸಿಸ್ ಇರುವುದಿಲ್ಲ. ನಾನು ಉತ್ತರದ ಗಡಿಬಿಡಿಯಲ್ಲಿದ್ದೆ, ಮಾತು ಕಿವಿಗೆ ಬೀಳಲಿಲ್ಲ.

ತಲೆನೋವು, ಹೊಟ್ಟೆ ತೊಳಸುವುದು, ಹತ್ತು ಗಂಟೆಯವರೆಗೂ ಬಿಡದ ಮಂಪರು, ಇವೂ ಜೊತೆಗಿದ್ದವು. ವಯಸ್ಸು ಎಂದೆ, ದುಃಖ ಎಂದೆ. ದೆವ್ವ ರಾತ್ರಿ ಬಾರದೆ ಬೆಳಗಿನ ಪಾಳಿಯಲ್ಲೇ ಏಕೆ ಬರುತ್ತದೆ ಎಂದು ತಮಾಷೆಯನ್ನೂ ಮಾಡಿದೆ. ಆ ಪ್ರಶ್ನೆಯನ್ನು ತಮಾಷೆಗಲ್ಲದೆ ನಿಜವಾಗಿ ಕೇಳಿಕೊಂಡಿದ್ದರೆ ಅಂದೇ ಉತ್ತರ ಸಿಗುತ್ತಿತ್ತು. ಐದೂವರೆಯಿಂದ ಏಳರವರೆಗೆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುತ್ತಿದ್ದೆವು.

ಒಂದು ಬೆಳಿಗ್ಗೆ ಅಮ್ಮ ತೀರಾ ಬಿಳಿಚಿಕೊಂಡಿದ್ದಳು. ಆಕ್ಸಿಮೀಟರ್ ತಂದು ಅವಳ ಬೆರಳಿಗೆ ಸಿಕ್ಕಿಸಿದೆ. 98 ತೋರಿಸಿತು. ‘ನೋಡಮ್ಮ, ಆಮ್ಲಜನಕ ನನಗಿಂತ ಚೆನ್ನಾಗಿದೆ, ನಿನಗೇನೂ ಆಗಿಲ್ಲ’ ಎಂದೆ. ಅವಳು ಆ ಕೆಂಪು ಅಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಬೆರಳು ಬಿಡಿಸಿಕೊಂಡಳು. ಮತ್ತೆ ಹೆಜ್ಜೆಯ ವಿಷಯ ನನ್ನ ಮುಂದೆ ಎತ್ತಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ, ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಬೆರಳಿಗೆ ಸಿಕ್ಕಿಸುವ ಆ ಉಪಕರಣ ರಕ್ತದ ಮೂಲಕ ಬೆಳಕು ಹಾಯಿಸಿ ಬಣ್ಣದ ಲೆಕ್ಕದಲ್ಲಿ ಹೇಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ ಮತ್ತು ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್, ಎರಡೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಮನುಷ್ಯ ಉಸಿರು ಕಟ್ಟಿ ಸಾಯುತ್ತಿದ್ದರೂ ಅದು 98 ಎನ್ನಬಲ್ಲದು. ಈ ಅನಿಲ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗೊತ್ತಾಗಬೇಕಾದರೆ ರಕ್ತ ತೆಗೆದು ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಈ ಅನಿಲ ಅಂಟಿಕೊಂಡ ಹಿಮೋಗ್ಲೋಬಿನ್, ಎಷ್ಟಿದೆ ಎಂದು ಬೇರೆಯಾಗಿಯೇ ನೋಡಬೇಕು. ನಾನು ವಿಜ್ಞಾನದ ಹೆಸರಿನಲ್ಲಿ ಅಮ್ಮನ ಬಾಯಿ ಮುಚ್ಚಿಸಿದ್ದು, ಈ ಪ್ರಶ್ನೆಗೆ ಉತ್ತರವೇ ಗೊತ್ತಿಲ್ಲದ ಒಂದು ಯಂತ್ರದಿಂದ.

ಚಿಕ್ಕಮ್ಮ ದೆವ್ವವನ್ನು ನಂಬುವವಳು. ಅವಳು ಬಂದು ಕೋಣೆಯಲ್ಲಿ ಅರ್ಧ ಗಂಟೆ ಕುಳಿತು, ‘ಅಕ್ಕಾ, ಈ ಮನೆ ನಿನಗೆ ಆಗಿಬರುವುದಿಲ್ಲ, ನಡೆ’ ಎಂದು ಕರೆದುಕೊಂಡು ಹೋದಳು. ಎಂಟು ದಿನದಲ್ಲಿ ಅಮ್ಮ ಚಿಗುರಿಕೊಂಡಳು. ಹೆಜ್ಜೆಯಿಲ್ಲ, ತಲೆನೋವಿಲ್ಲ. ವಾಪಸು ಬಂದ ಎರಡನೆಯ ಬೆಳಿಗ್ಗೆ ಎಲ್ಲವೂ ಮರಳಿತು. ‘ಕಂಡೆಯಾ, ಮನೆಯಲ್ಲೇ ಇದೆ’ ಎಂದಳು ಚಿಕ್ಕಮ್ಮ. ‘ಕಂಡೆಯಾ, ಮನಸ್ಸಿನಲ್ಲೇ ಇದೆ’ ಎಂದೆ ನಾನು. ಈಗ ಯೋಚಿಸಿದರೆ ಅವಳ ಮಾತೇ ನಿಜಕ್ಕೆ ಹತ್ತಿರವಿತ್ತು. ಮನೆಯಲ್ಲೇ ಇತ್ತು.

ಹಾಗೆಂದು ನಂಬುವವರ ದಾರಿಯೇ ಸರಿಯಿತ್ತು ಎಂದೇನೂ ಅಲ್ಲ. ಚಿಕ್ಕಮ್ಮ ಒಬ್ಬರನ್ನು ಕರೆತಂದಳು. ಅವರು ಕಿಟಕಿ ಬಾಗಿಲು ಭದ್ರಪಡಿಸಿ ಒಂದು ಪಾತ್ರೆ ಕೆಂಡ ಇಟ್ಟು ಕೋಣೆಯ ತುಂಬ ಹೊಗೆ ಎಬ್ಬಿಸಿದರು. ಮುಚ್ಚಿದ ಕೋಣೆಯಲ್ಲಿನ ಕೆಂಡ ಕೂಡ ಉಗುಳುವುದು ಇದೇ ವಿಷವನ್ನು. ಅಂದು ಅಮ್ಮ ವಾಂತಿ ಮಾಡಿಕೊಂಡಳು. ‘ಬಿಟ್ಟು ಹೋಗುವಾಗ ಹಾಗೆಯೇ ಆಗುತ್ತದೆ’ ಎಂದು ಹೇಳಿ ಅವರು ಹೊರಟುಹೋದರು. ನಾನು ಜಗಳವಾಡಿದೆ, ಅದೂ ಅವರ ಅಜ್ಞಾನದ ಬಗ್ಗೆ. ಹೊಗೆಯ ಬಗ್ಗೆ ಅಲ್ಲ.

ಕೊನೆಗೆ ಛಲಕ್ಕೆ ಬಿದ್ದು, ಆ ಕೋಣೆಯಲ್ಲಿ ನಾನೇ ಮಲಗಿ ಏನೂ ಇಲ್ಲವೆಂದು ತೋರಿಸುತ್ತೇನೆ ಎಂದೆ. ಅಮ್ಮನನ್ನು ಹಜಾರದಲ್ಲಿ ಮಲಗಿಸಿದೆ. ಪ್ರಯೋಗ ಎಂದರೆ ಶಿಸ್ತು ಬೇಡವೇ? ಗಾಳಿಗೆ ಏನಾದರೂ ಅಲುಗಾಡಿ ಸದ್ದು ಮಾಡಬಾರದೆಂದು ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿದೆ. ಬಾಲ್ಕನಿ ಕಡೆಯ ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಒಂದು ಬೆರಳು ಸಂದಿ ಉಳಿಯುತ್ತದೆ. ಅದು ಹಾಗೆಯೇ ಇರಲಿ ಎಂದು ಬಿಟ್ಟೆ. ಅಂದರೆ ವಿಷ ಬರುವ ದಾರಿ ತೆರೆದಿಟ್ಟು, ಹೋಗುವ ದಾರಿ ಮುಚ್ಚಿದೆ. ದಿಂಬಿನ ಪಕ್ಕ ಮೊಬೈಲ್ ಇಟ್ಟು ಧ್ವನಿ ಮುದ್ರಿಸಲು ಹಾಕಿ ಮಲಗಿದೆ.

ರಾತ್ರಿ ಏನೂ ಆಗಲಿಲ್ಲ. ಆರು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಗಡಿಯಾರ ಕಾಣುತ್ತಿತ್ತು, ಬೆರಳುಗಳು ಅಲುಗಾಡುತ್ತಿದ್ದವು, ಅದನ್ನು ಪರೀಕ್ಷಿಸಿಯೂ ನೋಡಿದೆ. ಆಗ ಹೆಜ್ಜೆ ಕೇಳಿಸಿತು. ಅಪ್ಪ ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಒಂದು ಹೆಜ್ಜೆ ಟಕ್, ಇನ್ನೊಂದು ಸರ್ರ್. ಅದೇ ಚಪ್ಪಲಿ, ಅದೇ ನಡಿಗೆ. ತಲೆಯ ಹಿಂದೆ ಬಂದು ನಿಂತಿತು. ತಿರುಗುವ ಧೈರ್ಯ ನನಗಿರಲಿಲ್ಲ. ಇಪ್ಪತ್ತು ವರ್ಷದ ವಿಚಾರವಾದ ಹೊದಿಕೆಯೊಳಗೆ ಮುದುಡಿಕೊಂಡು ‘ಅಪ್ಪಾ’ ಎಂದಿತು.

ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಮೊಣಕಾಲು ಕುಸಿಯಿತು. ಹೊರಗೆ ಬಂದು ವಾಂತಿ ಮಾಡಿಕೊಂಡೆ. ಮೆಟ್ಟಿಲ ಮೇಲೆ ತಣ್ಣನೆಯ ಗಾಳಿಯಲ್ಲಿ ಕುಳಿತು, ಅಪ್ಪನ ಹೆಜ್ಜೆ ಇನ್ನೊಮ್ಮೆ ಕೇಳಬೇಕೆಂದು ಮುದ್ರಿಕೆ ಹಾಕಿದೆ. ಹೌದು, ಕೇಳಬೇಕೆಂದೇ.

ಹೆಜ್ಜೆ ಇರಲಿಲ್ಲ. ಟಿಕ್ ಟಿಕ್ ಟಿಕ್ ಎಂದು ಗೀಸರ್‌ನ ಕಿಡಿ, ಆಮೇಲೆ ಭುಸ್ ಎಂದು ಹೊತ್ತಿಕೊಳ್ಳುವುದು. ಬಚ್ಚಲುಮನೆಯಲ್ಲಿ ಮಗಳು ನಲ್ಲಿ ನಿಲ್ಲಿಸಿದಾಗ ಕೊಳವೆಯಲ್ಲಿ ಟಕ್. ಮತ್ತೆ ತಿರುಗಿಸಿದಾಗ ನೀರಿನ ಸರ್ರ್. ಟಕ್, ಸರ್ರ್. ಟಕ್, ಸರ್ರ್. ಹೊರಗೆ ಕುಳಿತು ಕೇಳಿದರೆ ಅದು ನೀರು, ಕೊಳವೆ, ಅಷ್ಟೆ. ಒಳಗೆ ಅದು ಅಪ್ಪನಾಗಿತ್ತು. ಇದರಲ್ಲಿ ಅನಿಲದ ಪಾಲೆಷ್ಟು, ನಾನು ನಿರೀಕ್ಷಿಸುತ್ತ ಮಲಗಿದ್ದರ ಪಾಲೆಷ್ಟು ಎಂದು ತೂಗಿ ಹೇಳಲಾರೆ.

ಬಾಲ್ಕನಿಯ ಗಾಜುಗಳನ್ನೆಲ್ಲ ಸರಿಸಿ ಗೀಸರ್‌ನ ಎದುರು ನಿಂತೆ. ಅದರ ನೆತ್ತಿಯ ಮೇಲಿನ ಗೋಡೆಯಲ್ಲಿ ಅಂಗೈ ಅಗಲದ ಕಪ್ಪು ಮಸಿ. ಬೆರಳಿಟ್ಟರೆ ಕಾಡಿಗೆಯಂತೆ ಅಂಟಿತು. ಇಣುಕುಕಿಂಡಿಯಲ್ಲಿ ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಓಲಾಡುತ್ತಿತ್ತು. ಮೂರು ತಿಂಗಳು ದಿನವೂ ಅಲ್ಲಿ ಬಟ್ಟೆ ಒಣಹಾಕಿದ್ದೇನೆ.

ಆಸ್ಪತ್ರೆಯಲ್ಲಿ ‘ದೆವ್ವ’ ಎಂದು ಶುರುಮಾಡಿದೆ, ‘ಗೀಸರ್’ ಎಂದ ಮೇಲೆ ವೈದ್ಯರು ನೆಟ್ಟಗೆ ಕುಳಿತರು. ಬೀಡಿ ಸಿಗರೇಟು ಸೇದದವರಲ್ಲಿ ಸಾಮಾನ್ಯವಾಗಿ ಶೇಕಡಾ 3ನ್ನು ದಾಟದ ಕಾರ್ಬಾಕ್ಸಿಹಿಮೋಗ್ಲೋಬಿನ್ ನನ್ನ ರಕ್ತದಲ್ಲಿ 17 ಇತ್ತು. ಹಜಾರದಲ್ಲಿ ಮಲಗಿದ್ದ ಅಮ್ಮನದು 6. ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು; ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಆ ಬಿಡುವಿನಲ್ಲಿ ಅಮ್ಮನಿಗೆ ಅಪ್ಪನ ಚಪ್ಪಲಿಯ ಸದ್ದಿನ ಬಗ್ಗೆ ಹೇಳಿದೆ.

‘ನನಗೂ ಅವರೇ’ ಎಂದಳು. ‘ಯಾರು ಬರುತ್ತಾರೆ ಎಂದು ನೀನು ಒಮ್ಮೆಯೂ ಕೇಳಲಿಲ್ಲವಲ್ಲ.’

ಮನೆಗೆ ಬಂದ ಮೇಲೆ ಹುಡುಕಿದರೆ, ಇದು ನೂರು ವರ್ಷ ಹಳೆಯ ಕಥೆ. 1921ರಲ್ಲಿ ವಿಲಿಯಂ ವಿಲ್ಮರ್ ಎಂಬ ಕಣ್ಣಿನ ವೈದ್ಯರು ಅಮೆರಿಕದ ನೇತ್ರವಿಜ್ಞಾನದ ಪತ್ರಿಕೆಯೊಂದರಲ್ಲಿ ‘ಎಚ್’ ಎಂಬ ಒಂದಕ್ಷರದಿಂದಷ್ಟೇ ಕರೆದ ಕುಟುಂಬದ ಅನುಭವವನ್ನು ಪ್ರಕಟಿಸಿದ್ದಾರೆ. ಹೊಸದಾಗಿ ಹೊಕ್ಕ ಹಳೆಯ ಮನೆ, ಹೆಜ್ಜೆ ಸದ್ದು, ಯಾರೋ ನೋಡುತ್ತಿರುವ ಭಾವ, ಬಿಳಿಚಿಕೊಂಡ ಮಕ್ಕಳು, ಬಾಡಿದ ಗಿಡಗಳು. ಕಾರಣ, ಮನೆ ಬೆಚ್ಚಗಿಡಲು ಉರಿಸುತ್ತಿದ್ದ, ಕೆಟ್ಟುಹೋದ ಕುಲುಮೆ. ಅದರ ಹೊಗೆ ಚಿಮಣಿ ಬಿಟ್ಟು ಮನೆಯೊಳಗೆ ಹರಿಯುತ್ತಿತ್ತು.

ನನಗೆ ಇಂಥ ಕಥೆಗಳು ಗೊತ್ತಿರಲಿಲ್ಲವೇ? ಬಾಯಿಪಾಠವಾಗಿದ್ದವು. 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ, ಪ್ರೇತದ ಕರೆಗೆ ತಿರುಗುತ್ತದೆ ಎನ್ನುತ್ತಿದ್ದ ಮೇಜನ್ನು ತಿರುಗಿಸುವುದು ಸುತ್ತ ಕುಳಿತವರ ಕೈಗಳೇ, ಅದೂ ಅವರಿಗೇ ಅರಿವಿಲ್ಲದೆ ಎಂದು ತೋರಿಸಿದ್ದು. ತನ್ನ ಪ್ರಯೋಗಾಲಯದಲ್ಲಿ ಬೂದು ಆಕೃತಿ ಕಂಡು ಬೆವರಿದ ಇಂಗ್ಲೆಂಡಿನ ಇಂಜಿನಿಯರ್ ವಿಕ್ ಟ್ಯಾಂಡಿ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಕಂಪನವನ್ನೂ ಅದನ್ನು ಹುಟ್ಟಿಸುತ್ತಿದ್ದ ಫ್ಯಾನನ್ನೂ ಪತ್ತೆಹಚ್ಚಿದ್ದು. ಆದರೆ ಫ್ಯಾರಡೆ ಮೇಜಿನ ಮೇಲೆ ಉಪಕರಣ ಕಟ್ಟಿ ನೋಡಿದ. ಟ್ಯಾಂಡಿ ತನಗೆ ಕಂಡದ್ದನ್ನು ಕಂಡೇ ಇಲ್ಲ ಎನ್ನಲಿಲ್ಲ, ಕಾರಣ ಹುಡುಕುತ್ತ ಹೋದ. ನಾನು ಅವರ ಹೆಸರು ಹೇಳಿಕೊಂಡು ಕುರ್ಚಿ ಬಿಟ್ಟು ಏಳಲಿಲ್ಲ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಏನಾದರೂ ಕಂಡೆ ಎಂದರೆ ಯಾವ ಕೋಣೆ, ಎಷ್ಟು ಗಂಟೆಗೆ, ಆಗ ಮನೆಯಲ್ಲಿ ಏನು ಉರಿಯುತ್ತಿತ್ತು ಎಂದು ಕೇಳಿ. ತಲೆನೋವು, ವಾಕರಿಕೆ ಇದೆಯೇ, ಮನೆಯಿಂದ ಹೊರಗಿದ್ದಾಗ ಅವು ಇಳಿಯುತ್ತವೆಯೇ, ಒಬ್ಬರಿಗಿಂತ ಹೆಚ್ಚು ಜನಕ್ಕೆ ಹೀಗಾಗುತ್ತಿದೆಯೇ ಎಂದು ನೋಡಿ. ಹೌದು ಎಂದಾದರೆ ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಮಾತನ್ನು ನೀವೇ ಬಾಯಿಬಿಟ್ಟು ಹೇಳಿ. ಗೀಸರ್, ಸೀಮೆಎಣ್ಣೆ ಸ್ಟೌ, ಇದ್ದಿಲು, ಜನರೇಟರ್, ಮುಚ್ಚಿದ ಶೆಡ್ಡಿನಲ್ಲಿ ಚಾಲೂ ಬಿಟ್ಟ ಕಾರು, ಯಾವುದೂ ಆಗಬಹುದು. ಜ್ವಾಲೆ ನೀಲಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಗುಣವಾಯಿತು ಎಂದುಕೊಂಡ ಮೇಲೂ ವಾರಗಟ್ಟಲೆ ಬಿಟ್ಟು ಮರೆವು, ಮಂಕುತನ ಬರುವುದುಂಟು, ಅದನ್ನೂ ಗಮನಿಸಿ. ಏನೂ ಸಿಗದಿದ್ದರೆ ಆಮೇಲೆ ಸ್ಲೀಪ್ ಪ್ಯಾರಾಲಿಸಿಸ್ ಬಗ್ಗೆ ಉಪನ್ಯಾಸ ಕೊಡುವಿರಂತೆ.

ಗೀಸರ್ ಈಗ ಮನೆಯಲ್ಲಿಲ್ಲ, ವಿದ್ಯುತ್ತಿನದು ಬಂದಿದೆ. ಆದರೂ ಅಡುಗೆಮನೆಯಲ್ಲಿ ಒಲೆ ಇದೆಯಲ್ಲ ಎಂದು ಅಮ್ಮನ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿದ್ದೇನೆ. ಹೋದ ತಿಂಗಳು ನಡುರಾತ್ರಿ ಅದು ಕಿಂಯ್ ಎಂದಿತು. ಎಲ್ಲರನ್ನೂ ಎಬ್ಬಿಸಿ ಬೀದಿಗೆ ಓಡಿಸಿದೆ. ಮತ್ತೆ ಸದ್ದಿಲ್ಲ. ಒಂದು ನಿಮಿಷ ಬಿಟ್ಟು ಮತ್ತೊಂದು ಕಿಂಯ್. ಶಾಲು ಹೊದ್ದು ನಿಂತಿದ್ದ ಅಮ್ಮ ಆಕಳಿಸುತ್ತ ಹೇಳಿದಳು: ‘ನಿನ್ನ ದೆವ್ವಕ್ಕೆ ಬ್ಯಾಟರಿ ಮುಗಿದಿದೆ, ಹೋಗಿ ಹಾಕು.’