ಆಂಕಿ: ಸ್ಟೆಪ್ 1 ಓದುವವರಿಗೆ ಎಷ್ಟು ಆಸರೆ?

ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತವಾದ ಸ್ಟೆಪ್ 1ರ ಫಲಿತಾಂಶವನ್ನು 2022ರ ಜನವರಿಯಿಂದ ಪಾಸ್ ಅಥವಾ ಫೇಲ್ ಎಂದಷ್ಟೇ ಪ್ರಕಟಿಸಲಾಗುತ್ತಿದೆಯಾದರೂ, ನೆನಪಿಡಬೇಕಾದ ವಿಷಯದ ಹೊರೆ ಇಳಿದಿಲ್ಲ. ಆ ಹೊರೆಯನ್ನು ದಿನದಿನಕ್ಕೆ ಹಂಚಿಕೊಡುವುದರಲ್ಲಿ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ (ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರವಿರುವ ಕಾರ್ಡ್) ತಂತ್ರಾಂಶಕ್ಕೆ ಸಾಟಿಯಾದುದನ್ನು ನಾನು ಕಂಡಿಲ್ಲ. ಉತ್ತರ ಹೊಳೆಯದೆ ‘ಅಗೇನ್’ ಗುಂಡಿ ಒತ್ತಿದರೆ ಕಾರ್ಡ್ ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಸಲೀಸಾಗಿ ನೆನಪಾದದ್ದು ದಿನಗಳ, ಬಳಿಕ ತಿಂಗಳುಗಳ ಅಂತರದಲ್ಲಿ, ಮರೆವು ಆವರಿಸುವ ಹೊತ್ತಿಗೆ ಎದುರಾಗುತ್ತದೆ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಆವೃತ್ತಿಗಳು ಉಚಿತ; ಐಫೋನ್‌ನದಕ್ಕೆ ಮಾತ್ರ ಹಣ ಕೊಡಬೇಕು.

ಆದರೆ ಇದೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಲೆಷ್-ನೈಹನ್ ರೋಗಕ್ಕೆ ಎಚ್‌ಜಿಪಿಆರ್‌ಟಿ ಕಿಣ್ವದ ಕೊರತೆ ಕಾರಣವೆಂದು ಕಾರ್ಡ್ ಕಲಿಸುತ್ತದೆ. ಪರೀಕ್ಷೆಯಾದರೋ ತನ್ನ ತುಟಿ, ಬೆರಳುಗಳನ್ನು ತಾನೇ ಕಚ್ಚಿಕೊಳ್ಳುವ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವ ಬಾಲಕನನ್ನು ವರ್ಣಿಸಿ, ರೋಗದ ಹೆಸರನ್ನೇ ಹೇಳದೆ ಕಿಣ್ವವನ್ನು ಕೇಳಬಹುದು. ಈ ತರ್ಕ ಕೈಗೂಡಲು ಪ್ರಶ್ನೆಕೋಶವನ್ನು ಜೊತೆಜೊತೆಗೇ ಬಿಡಿಸಬೇಕು, ತಪ್ಪಾದ ಪ್ರಶ್ನೆಯ ವಿವರಣೆಯಿಂದ ಸ್ವಂತ ಕಾರ್ಡ್ ಬರೆದುಕೊಳ್ಳಬೇಕು. ಇತರರು ಸಿದ್ಧಪಡಿಸಿದ ಸಾವಿರಾರು ಕಾರ್ಡ್‌ಗಳ ಕಟ್ಟನ್ನು ಬಳಸುವವರು ಓದಿ ಅರ್ಥಮಾಡಿಕೊಂಡ ಅಧ್ಯಾಯದವನ್ನಷ್ಟೇ ತೆರೆಯಲಿ. ದಿನಕ್ಕೆ 20 ಹೊಸ ಕಾರ್ಡ್ ಎಂಬ ಮೂಲ ಮಿತಿಯನ್ನು ಅವಸರದಲ್ಲಿ ಏರಿಸಿದರೆ, ಕೆಲವೇ ವಾರಗಳಲ್ಲಿ ಪುನರಾವರ್ತನೆಯ ಬಾಕಿಯೇ ಓದಿನ ಸಮಯವನ್ನೆಲ್ಲ ನುಂಗುತ್ತದೆ.